ಹರಳಯ್ಯನವರ ಋಣ, ಅಥಣಿಯ ಚಪ್ಪಲಿ

ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಸಮಗಾರ ಹರಳಯ್ಯನವರು ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದರು. ಕೊಟ್ಟದ್ದು ಒಂದು, ಬಂದದ್ದು ಎರಡು. ಆ ಹೆಚ್ಚಿನ ಶರಣಿನ ಭಾರ ಹೊರಲಾರದೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಯ್ದರು. ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಇಟ್ಟುಕೊಂಡರು. 12ನೆಯ ಶತಮಾನದ ಕಲ್ಯಾಣದ ಈ ಪ್ರಸಂಗವನ್ನು ಪ್ರವಚನಗಳಲ್ಲಿ ಭಕ್ತಿಯ ಪರಾಕಾಷ್ಠೆಯೆಂದು ಹೇಳಿ ಮುಗಿಸುವುದು ವಾಡಿಕೆ. ಇದು ಐತಿಹ್ಯ, ಚರಿತ್ರೆಯಲ್ಲ ಎಂದು ತಳ್ಳಿಹಾಕುವವರೂ ಇದ್ದಾರೆ. ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಒಂದು ಜನಸಮುದಾಯ ಶತಮಾನಗಳ ಕಾಲ ಕೈಬಿಡದೆ ಕಾಪಾಡಿಕೊಂಡ ಕಥೆಯಲ್ಲಿ ಅದರ ನ್ಯಾಯದ ಕಲ್ಪನೆ ಇರುತ್ತದೆ. ಇಲ್ಲಿರುವುದು ಋಣದ ಲೆಕ್ಕ: ಪಡೆದದ್ದು ಬರಿಯ ಒಂದು ಮಾತಾದರೂ ತೀರಿಸದೆ ಇರಬಾರದು ಎಂಬ ಲೆಕ್ಕ. ಅದೇ ಲೆಕ್ಕವನ್ನು ಚಪ್ಪಲಿ ಹೊಲಿಯುವವರಿಂದ ಮೆಟ್ಟುವವರ ಕಡೆಗೆ ತಿರುಗಿಸಿದರೆ ಬಾಕಿ ನಮ್ಮ ಹೆಸರಿನಲ್ಲೇ ಇದೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಸೀಮೆಯ ಸಮಗಾರರಿಗೆ ನಾವು ಕೊಡಬೇಕಾದ ಮೊದಲ ಕಂತು ಅವರ ಹೆಸರು.

ಈ ಸೀಮೆಯಲ್ಲಿ ತಯಾರಾಗುವ ಚಪ್ಪಲಿಯನ್ನು ಲೋಕ ಕೊಲ್ಹಾಪುರಿ ಎಂದು ಕರೆಯುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದಗೊಂಡ ತೊಗಲನ್ನು ಕೊಯ್ದು, ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಅಟ್ಟೆ ಹೊಲಿಯುತ್ತಾರೆ. ಕೊಯ್ಯುವುದು, ಅಟ್ಟೆ ಕಟ್ಟುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲಿನ ಸಣ್ಣ ಹೆಣಿಗೆ, ಅಲಂಕಾರ ಹೆಂಗಸರ ಕೈಯದು. ಸರಕು ಕೊಲ್ಹಾಪುರದ ಪೇಟೆಗೆ ಹೋಗಿ ಮಾರಾಟವಾಯಿತು, ಪೇಟೆಯ ಹೆಸರೇ ಅದಕ್ಕೆ ಅಂಟಿತು. ಹಿಂದೆ ಕಾಪಶಿಯಂಥ ಊರಿನ ಹೆಸರಿನಿಂದಲೂ ಗುರುತಿಸಲಾಗುತ್ತಿದ್ದ ಚಪ್ಪಲಿಗಳು ಆ ಒಂದೇ ಹೆಸರಿನಡಿ ಕರಗಿಹೋದವು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಎಂಟರಲ್ಲಿ ನಾಲ್ಕು ನಮ್ಮವು. ಕಾನೂನು ಒಪ್ಪಿಕೊಂಡ ಈ ಮಾತು ಅಂಗಡಿಯಲ್ಲಿ ಕೊಳ್ಳುವವರ ಕಿವಿಗೆ ಇನ್ನೂ ಬಿದ್ದಿಲ್ಲ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿದಾಗ ದೇಶವೆಲ್ಲ ಸಿಟ್ಟಿಗೆದ್ದಿತು. ಆ ಸಿಟ್ಟು ನ್ಯಾಯವಾದದ್ದೇ. ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್ ಎಂಬ ಎರಡು ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೆ ಬಂದು, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸಿ ಜೋಡಿಗೆ ಸುಮಾರು 800 ಯೂರೊಗೆ ಮಾರುವುದಾಗಿ ಹೇಳಿತು. ಆದರೆ ಮಿಲಾನಿನಲ್ಲಿ ನಡೆದದ್ದು ನಮ್ಮ ಪೇಟೆಗಳಲ್ಲಿ ತಲೆಮಾರುಗಳಿಂದ ನಡೆದುಬಂದದ್ದೇ. ನಾವು ಚಪ್ಪಲಿಯನ್ನು ಮೆಚ್ಚಿದೆವು, ಚೌಕಾಸಿ ಮಾಡಿದೆವು. ಹೊಲಿದವರು ಯಾರೆಂದು ಕೇಳಲಿಲ್ಲ. ಊರಿನ ಹೆಸರು ಹೇಳಿದರೂ ಆ ಬಾಕಿ ತೀರುವುದಿಲ್ಲ, ಏಕೆಂದರೆ ಭೌಗೋಳಿಕ ಗುರುತು ಕಾಯುವುದು ಸ್ಥಳವನ್ನು, ಕೈಯನ್ನು ಅಲ್ಲ.

ಕೈಯ ಗುರುತನ್ನು ಬಿಟ್ಟುಕೊಡದ ಪರಂಪರೆ ಕನ್ನಡಕ್ಕೆ ಹೊಸತೇನಲ್ಲ. ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ ಬರುತ್ತವೆ. ದೇವರ ಹೆಸರಿರುವ ಜಾಗದಲ್ಲಿ ತೊಗಲು ಕೊಯ್ಯುವ ಸಲಕರಣೆಯನ್ನು ಇಟ್ಟ ಧೈರ್ಯ ಅದು. ತೊಗಲು ಹದಮಾಡುತ್ತಿದ್ದ ಕಕ್ಕಯ್ಯನವರು ಇಂದಿಗೂ ಡೋಹರ ಕಕ್ಕಯ್ಯನವರೇ. ಇಂಥ ನೆಲದಲ್ಲಿ ಚಪ್ಪಲಿ ಅನಾಮಿಕವಾಗಿ ಮಾರಾಟವಾಗುವುದು ನನಗೆ ನೋವಿನ ಸಂಗತಿ. ಲಿಡ್ಕಾಂ ಈಗಾಗಲೇ ಕ್ಯೂಆರ್ ಕೋಡ್ ತಂದಿದೆ. ಮೊಬೈಲಿನಲ್ಲಿ ಅದನ್ನು ನೋಡಿದರೆ ಮಾಡಿದವರ ಹೆಸರು, ಊರು ತಿಳಿಯುತ್ತದೆ. ನಮ್ಮ ಕಡೆಯ ಪ್ರತಿ ಜೋಡಿಗೂ ಆ ವ್ಯವಸ್ಥೆ ಬರಬೇಕು.

ಕೊಲ್ಹಾಪುರಿ ಎಂದರೇ ಗಿರಾಕಿ ಬರುವುದು, ಹೆಸರು ಕೆದಕಿದರೆ ವ್ಯಾಪಾರ ಕೆಡುತ್ತದೆ ಎನ್ನುವವರಿದ್ದಾರೆ. ಇರುವ ಹೆಸರನ್ನು ಅಳಿಸಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ, ಅದರ ಕೆಳಗೆ ಇನ್ನೊಂದು ಹೆಸರು ಸೇರಿಸಿದರೆ ಸಾಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಈ ಕಸುಬಿಗೆ ಜಾತಿಯ ಕಳಂಕ ಅಂಟಿಸಿದ ಸಮಾಜದಲ್ಲಿ ಹೊಲಿದವರ ಹೆಸರು ಬರೆಯುವುದೆಂದರೆ ಅವರ ಜಾತಿಯನ್ನೇ ಬೀದಿಗೆ ಸಾರಿದಂತಾಗುವುದಿಲ್ಲವೇ? ಮಕ್ಕಳನ್ನು ಮತ್ತೆ ಅದೇ ರಂಪಿಗೆಗೆ ಕಟ್ಟಿಹಾಕಿದಂತಾಗುವುದಿಲ್ಲವೇ? ಈ ಅಂಜಿಕೆ ಬದುಕಿನಿಂದ ಬಂದದ್ದು, ಹಗುರವಾಗಿ ನೋಡುವಂಥದ್ದಲ್ಲ. ಹಾಗಾಗಿ ಹೆಸರು ಬರೆಸುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು. ಆದರೆ ಹರಳಯ್ಯನವರ ಕಥೆ ಪಾದರಕ್ಷೆಯ ಪ್ರಸಂಗಕ್ಕೆ ನಿಲ್ಲಲಿಲ್ಲ. ಅವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು, ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರೂ ಘೋರ ಶಿಕ್ಷೆಗೆ ಗುರಿಯಾದರು. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕ ಈ ಮದುವೆಯ ಸುತ್ತಲೇ ಬೆಳೆಯಿತು. ಕಾಯಕಕ್ಕೆ ಗೌರವ ಕೊಟ್ಟ ಶರಣರೇ ಹುಟ್ಟಿನ ಬೇಲಿಯನ್ನೂ ಕಿತ್ತರು. ಕಥೆಯ ಅರ್ಧವನ್ನಷ್ಟೇ ನೆನೆದು, ದುಡಿಮೆಯನ್ನು ಹೊಗಳುತ್ತ ದುಡಿಯುವವರ ಮಕ್ಕಳನ್ನು ಅಲ್ಲೇ ಇರಿಸುವುದು ಶರಣರಿಗೆ ಮಾಡುವ ಅನ್ಯಾಯ. ಮಗಳು ಇಂಜಿನಿಯರ್ ಆಗಲಿ, ಮಗ ಬೇಕಿದ್ದರೆ ಚಪ್ಪಲಿಯ ವಿನ್ಯಾಸಕನಾಗಲಿ. ಕೂಲಿ ಸರಿಯಿದ್ದರೆ ಆ ಆಯ್ಕೆ ನಿಜವಾದ ಆಯ್ಕೆಯಾಗುತ್ತದೆ.

ಲಿಡ್ಕರ್ ಈಗ ಇಟಲಿಯ ಕಂಪನಿಯ ಎದುರು ಕೂತು ಮಾತಾಡುವ ಸ್ಥಾನದಲ್ಲಿದೆ. ಆ 2,000 ಜೋಡಿಗಳಲ್ಲಿ ನಮ್ಮ ಭಾಗದಲ್ಲಿ ತಯಾರಾಗುವವು ಎಷ್ಟೇ ಇರಲಿ, 800 ಯೂರೊದಲ್ಲಿ ಹೊಲಿದವರ ಪಾಲು ಎಷ್ಟು ಎಂಬುದನ್ನು ಅದು ಜನರ ಮುಂದಿಡಲಿ. ಒಪ್ಪಿದವರ ಹೆಸರು ಅಟ್ಟೆಯ ಮೇಲೆ ಕನ್ನಡದಲ್ಲಿ ಮೂಡಲಿ. ಹರಳಯ್ಯನವರ ಜೊತೆ ಕಲ್ಯಾಣಮ್ಮನವರ ಹೆಸರೂ ಕಥೆಯಲ್ಲಿ ಉಳಿದಿದೆಯಲ್ಲ, ಹಾಗೆಯೇ ಅಟ್ಟೆ ಕಟ್ಟಿದವನ ಹೆಸರಿನ ಪಕ್ಕದಲ್ಲಿ ಹೆಣಿಗೆ ಹೆಣೆದವಳ ಹೆಸರೂ ಬರಲಿ.