ಕೇಕ್ ತಿಂದದ್ದಷ್ಟೇ ನಮಗೆ ಗೊತ್ತಿತ್ತು

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡ್ತೀವಿ. ಕಳೆದ ಸಲದ ರಾಜ್ಯೋತ್ಸವಕ್ಕೆ ಕೆಲಸ ಹಂಚುವ ಮೀಟಿಂಗ್. ವೇದಿಕೆ, ಬಾವುಟ, ಊಟ, ನಿರೂಪಣೆ ಅಂತ ಪಟ್ಟಿ ಮಾಡ್ತಾ ಇದ್ದಾಗ ನಮ್ಮ ರೂಮ್‌ಮೇಟ್ ಕೈ ಎತ್ತಿ, "ನಿರೂಪಣೆ ನಾನು ಮಾಡ್ತೇನೆ" ಅಂದ. ನಾವು ಅರೆಕ್ಷಣವೂ ಯೋಚಿಸದೆ, "ಮಗಾ, ನೀನು ಗೆಸ್ಟ್ ಪರಿಚಯದ ಇಂಗ್ಲಿಷ್ ಭಾಗ ನೋಡ್ಕೋ, ಕನ್ನಡದ್ದು ಬೇರೆ ಯಾರಾದ್ರೂ ಮಾಡ್ಲಿ" ಅಂದ್ವಿ. ಅವನು ನಕ್ಕು ಸುಮ್ಮನಾದ.

ಅವನ ಕನ್ನಡ ಚೆನ್ನಾಗಿರಲಿಲ್ವಾ? ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಆದರೆ ಅವನ ಹೆಸರು ಕ್ರೈಸ್ತರ ಹೆಸರು. ಅಷ್ಟೇ ಕಾರಣ. ತಮಾಷೆ ಏನಂದ್ರೆ, ಅದೇ ಕಾರ್ಯಕ್ರಮದ ಭಾಷಣದಲ್ಲಿ ನಾವು 1894ರ ಕಿಟೆಲ್ ನಿಘಂಟಿನ ಬಗ್ಗೆ ಹೇಳಿದ್ವಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ'ದ ಬಗ್ಗೆಯೂ ಹೇಳಿದ್ವಿ. ಇಬ್ಬರೂ ಕ್ರೈಸ್ತ ಮಿಷನರಿಗಳು. ಜರ್ಮನಿಯಿಂದ ಬಂದವರ ಕನ್ನಡಕ್ಕೆ ಚಪ್ಪಾಳೆ ತಟ್ಟಿದ ನಾವು, ಪಕ್ಕದ ಮಂಚದಲ್ಲಿ ಮಲಗುವವನ ಕನ್ನಡವನ್ನು ನಂಬಲಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ ಅಂತ ನಮ್ಮ ಅನಿಸಿಕೆ. ಕ್ಯಾಂಪಸ್‌ನಲ್ಲಿ ಕ್ರೈಸ್ತ ಗೆಳೆಯರ ಬಗ್ಗೆ ನಮಗೆ ಗೊತ್ತಿರೋದು ಡಿಸೆಂಬರ್ 25ರ ಕೇಕ್, ಕಾರಿಡಾರಿನ ನಕ್ಷತ್ರ, ಒಂದು ಸಾಂಟಾ ಟೋಪಿ. ಉಳಿದ 364 ದಿನ ಅವರ ಮನೆಯಲ್ಲಿ ಏನು ನಡೆಯುತ್ತೆ, ಅಪ್ಪ ಸಂಜೆ ಹೊತ್ತು ಏನು ಮಾಡ್ತಾರೆ, ಯಾವ ಭಾಷೆಯಲ್ಲಿ ಬೈತಾರೆ, ಯಾವುದೂ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನು ಫಾರ್ವರ್ಡ್ ಮೆಸೇಜ್‌ಗಳು ತುಂಬಿಸ್ತವೆ.

ಗಣೇಶನ ಹಬ್ಬದ ಬೆನ್ನಿಗೇ ಸೆಪ್ಟೆಂಬರ್ 8ರ ಭಾನುವಾರ ಬಂದ ವರ್ಷ ಅದು. ವಿಜಯಪುರ, ರಾಯಚೂರು, ಬೀದರ್ ಕಡೆಯ ನಾವು ಮೂವರು ಎರಡು ದಿನದ ರಜೆಗೆ ಊರಿಗೆ ಹೋಗಿಬರುವ ಹಾಗಿರಲಿಲ್ಲ. "ನಮ್ಮಲ್ಲಿ ಮೊಂತಿ ಹಬ್ಬ ಉಂಟು, ಬನ್ನಿ" ಅಂದ ರೂಮ್‌ಮೇಟ್. ರಾತ್ರಿ ಬಸ್ ಹತ್ತಿದ್ವಿ. ನಿಜ ಹೇಳಬೇಕಂದ್ರೆ, ಮೂವರೂ ಹೋದದ್ದು ಮೀನಿನ ಆಸೆಗೆ.

ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸಿನ ಊರು. ಬೆಳಗ್ಗೆ ಆರಕ್ಕೆ ಮನೆ ಮುಟ್ಟಿದಾಗ ಅವನ ಅಪ್ಪ ಹಿತ್ತಲಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು ಮಲ್ಲಿಗೆ ಮೊಗ್ಗು ಕೊಯ್ತಾ ಇದ್ರು. ಆ ಕಡೆ ಎಷ್ಟೋ ಕ್ರೈಸ್ತ ಮನೆಗಳಿಗೆ ಈ ಮಲ್ಲಿಗೆಯೇ ದಿನದ ಆದಾಯ. ಲೆಕ್ಕ ಹೇಳಿಕೊಟ್ರು: 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದ್ರೆ 3,200 ಮೊಗ್ಗು, ಬಾಳೆನಾರಿನಲ್ಲಿ, ಕೈಯಲ್ಲೇ. ಮಳೆಗಾಲದಲ್ಲಿ ಹೂವು ಕಡಿಮೆ, ಹಬ್ಬಕ್ಕೆ ಬೇಡಿಕೆ ಜಾಸ್ತಿ. ಬ್ಯಾಗ್ ಇಡುವ ಮೊದಲೇ ನಮ್ಮ ಕೈಗೂ ಬುಟ್ಟಿ ಬಂತು. "ಇವತ್ತಿನದ್ದೆಲ್ಲ ಗಣಪತಿಗೆ ಹೋಗುವುದು ಮಕ್ಕಳೇ, ಒಳ್ಳೆ ಮೊಗ್ಗು ನೋಡಿ ಕೊಯ್ಯಿರಿ" ಅಂದ್ರು ಅಂಕಲ್. ಇದರಲ್ಲಿ ಏನೋ ವಿಶೇಷ ಇದೆ ಅಂತ ಅವರಿಗೆ ಅನಿಸಿರಲೇ ಇಲ್ಲ. ಏಜೆಂಟ್ ಬರುವುದರೊಳಗೆ ಹೂವು ಕಟ್ಟಿ ಮುಗಿಯಬೇಕು, ಅದೊಂದೇ ಅವರ ಚಿಂತೆ.

ಮಧ್ಯಾಹ್ನ ಜಗಲಿಯಲ್ಲಿ ಕೂತು ಪೇಪರಿನ ಪದಬಂಧ ತುಂಬಿಸೋದು ಅವರ ಹವ್ಯಾಸ. ಪೆನ್ಸಿಲ್ ಅಲ್ಲ, ಪೆನ್ನು. "ನಿಮ್ಮದು ಕನ್ನಡ ಸಂಘ ಅಲ್ವಾ? ಹೇಳಿ ನೋಡುವ. ದನಗಳಿಗೆ ಮೇವು ಹಾಕುವ ತೊಟ್ಟಿ, ಮೂರು ಅಕ್ಷರ" ಅಂದ್ರು. ನಾವು ಕೊಟ್ಟಿಗೆ ಅಂದ್ವಿ. "ಅದು ದನ ಕಟ್ಟುವ ಜಾಗ ಮಾರಾಯ್ರೆ, ಕೊನೆಯ ಅಕ್ಷರ ಲಿ." ಮೂವರೂ ಮುಖ ಮುಖ ನೋಡಿಕೊಂಡ್ವಿ. ಅವರೇ 'ಗೋದಲಿ' ಅಂತ ಬರೆದರು. ವಿಜಯಪುರದವನು ಹಣೆ ಚಚ್ಚಿಕೊಂಡ: "ನಮ್ಮೂರ ಗ್ವಾದಲಿ ಅಲ್ಲೇನ್ರೀ ಅದು!" ಅವನ ಮನೆಯಲ್ಲಿ ದಿನಾ ಬಳಸುವ ಮಾತನ್ನು, ಮನೆಯಲ್ಲಿ ಕೊಂಕಣಿ ಮಾತಾಡುವವರು ಅವನಿಗೆ ನೆನಪಿಸಿದರು.

ಆ ಮಾತು ಅವರಿಗೆ ತಟ್ಟನೆ ಹೊಳೆಯಲು ಕಾರಣವೂ ಇತ್ತು. ಯೇಸು ಹುಟ್ಟಿದಾಗ ಮಲಗಿಸಿದ್ದು ಗೋದಲಿಯಲ್ಲಿ. ಹಾಗಾಗಿ ಕ್ರಿಸ್ಮಸ್‌ಗೆ ಮನೆಮನೆಯಲ್ಲಿ ಕಟ್ಟುವ ಬೊಂಬೆಗಳ ದೃಶ್ಯಕ್ಕೂ ಗೋದಲಿ ಅಂತಲೇ ಹೆಸರು. ಅದನ್ನು ಕಟ್ಟೋದು ಅಂಕಲ್‌ನ ದೊಡ್ಡ ಹುಚ್ಚು. ಶೆಡ್‌ಗೆ ಕರ್ಕೊಂಡು ಹೋದ್ರು. ಅಕ್ವೇರಿಯಂ ಪಂಪ್‌ನಿಂದ ಜಲಪಾತ, ಹಳೇ ಸೀರಿಯಲ್ ಸೆಟ್ ಬಿಚ್ಚಿ ಮಾಡಿದ ಆಕಾಶ, ಹುಲ್ಲಿಗೆ ಮೊಳಕೆ ಬರಿಸಲು ಟ್ರೇಗಳು. ನಕ್ಷತ್ರ ನಿಧಾನ ತಿರುಗಬೇಕು ಅನ್ನೋದು ಅವರ ಆಸೆ. ನಾವು ಮೂವರು ಭಾವಿ ಇಂಜಿನಿಯರ್‌ಗಳು ಗೇರ್ ರೇಶಿಯೋ, ವರ್ಮ್ ಗೇರ್, ಪಿಡಬ್ಲ್ಯುಎಂ ಅಂತ ಹತ್ತು ನಿಮಿಷ ಕೊರೆದ್ವಿ. ಅವರು ಪೂರ್ತಿ ಕೇಳಿ, ಡಬ್ಬಿಯಿಂದ ಕೆಟ್ಟ ಮೈಕ್ರೋವೇವ್ ಓವನ್‌ನ ಪುಟ್ಟ ಮೋಟರ್ ತೆಗೆದ್ರು. ಒಳಗಿನ ಗಾಜಿನ ತಟ್ಟೆ ತಿರುಗಿಸುತ್ತಲ್ಲ, ಅದು. ನಿಮಿಷಕ್ಕೆ ಐದು ಸುತ್ತು, ಗೇರ್ ಒಳಗೇ ಇದೆ. "ಇದು ಸಾಕಲ್ವಾ?" ಸಾಕಾಗಿತ್ತು.

ಆ ಕೈಚಳಕ ಬಂದದ್ದು ಗಲ್ಫ್‌ನಿಂದ. ಹದಿನೆಂಟು ವರ್ಷ ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ರು. ಮಗನ ಬಾಲ್ಯದ ಬಹುಪಾಲು ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಮುಗಿದುಹೋಯ್ತು.

ಸಂಜೆ ಏಳೂವರೆಗೆ ಟಿವಿ ಆಫ್. ಯಾವ ಮ್ಯಾಚ್ ಇದ್ರೂ ಆಫ್. ದೇವರ ಪೀಠದ ಮುಂದೆ ಚಾಪೆ. ಇದು ತೇರ್ಸ್, ಅಂದ್ರೆ ಜಪಮಾಲೆಯ ಪ್ರಾರ್ಥನೆ. ಐದು ಭಾಗ, ಒಂದೊಂದರಲ್ಲಿ ಹತ್ತು ಮಣಿ. ಒಂದು ಭಾಗ ಅಪ್ಪ, ಒಂದು ಅಮ್ಮ, ಒಂದು ಅಜ್ಜಿ, ಉಳಿದೆರಡು ಮಕ್ಕಳು ನಡೆಸಿದರು. ನಾವು ಹಿಂದೆ ಕೂತಿದ್ವಿ. ಎಲ್ಲ ಭಕ್ತಿಯಿಂದ ನಡೆಯಿತು ಅಂತ ಸುಳ್ಳು ಹೇಳಲ್ಲ. ನಮ್ಮ ರೂಮ್‌ಮೇಟ್ ಎರಡು ಸಲ ಕಳ್ಳತನದಿಂದ ಸ್ಕೋರ್ ನೋಡಿದ, ಅಪ್ಪನ ಒಂದು ನೋಟಕ್ಕೆ ಫೋನ್ ಜೇಬು ಸೇರ್ತು. ಅವನ ತಂಗಿ ಮೂರನೇ ಭಾಗದಲ್ಲಿ ತೂಕಡಿಸಿದಳು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಬ್ಬರೂ ಹಿರಿಯರ ಮುಂದೆ ಕೈ ಜೋಡಿಸಿ "ಬೆಸಾಂವ್ ದಿಯಾ" ಅಂದ್ರು, ಆಶೀರ್ವಾದ ಮಾಡಿ ಅಂತ. ಏನು ಮಾಡಬೇಕು ತೋಚದೆ ನಾವೂ ಸಾಲಲ್ಲಿ ನಿಂತ್ವಿ. ಅಂಕಲ್ ನಮ್ಮ ತಲೆ ಮೇಲೂ ಕೈ ಇಟ್ರು.

ಊಟಕ್ಕೆ ಕೂತಾಗ ಬೀದರ್‌ನವನು ಕೇಳಿಯೇಬಿಟ್ಟ: "ಅಂಕಲ್, ದಿನಾ ಅದೇ ಪ್ರಾರ್ಥನೆ ಬೇಜಾರಾಗಲ್ವಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ಆಗ್ತದೆ. ಆದ್ರೆ ಅಲ್ಲಿ ಹದಿನೆಂಟು ವರ್ಷ ನಾನು ಒಬ್ಬನೇ ಹೇಳಿದ್ದು. ಈಗ ಉತ್ತರ ಕೊಡ್ಲಿಕ್ಕೆ ಜನ ಉಂಟಲ್ಲ."

ನಮ್ಮಲ್ಲಿ ಯಾರೂ ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ಮೂವರೂ ಮನೆಗೆ ಫೋನ್ ಮಾಡಿದ್ವಿ, ದುಡ್ಡು ಕೇಳದೆ.

ಪೀಠದ ಪಕ್ಕ ಇದ್ದ ಪ್ರಾರ್ಥನಾ ಪುಸ್ತಕ ತೆಗೆದು ನೋಡಿದರೆ ಇನ್ನೊಂದು ಆಶ್ಚರ್ಯ. ಭಾಷೆ ಕೊಂಕಣಿ, ಲಿಪಿ ಕನ್ನಡ! ಟೀಪಾಯಿ ಮೇಲಿದ್ದ 'ರಾಕ್ಣೊ' ವಾರಪತ್ರಿಕೆಯೂ ಹಾಗೆಯೇ. 1938ರಲ್ಲಿ ಶುರುವಾದದ್ದು, ಕೊಂಕಣಿಯದ್ದೇ, ಅಚ್ಚಾಗೋದು ಕನ್ನಡ ಅಕ್ಷರದಲ್ಲಿ. ಕರಾವಳಿಯ ಕಥೊಲಿಕರು ದೇವರ ಹತ್ತಿರ ಮಾತಾಡುವ ಭಾಷೆಗೆ ನಮ್ಮ ಅಕ್ಷರಗಳನ್ನು ತಮ್ಮದಾಗಿಸಿಕೊಂಡಿದ್ದಾರೆ. ಕನ್ನಡ ಉಳಿಸಿ ಅಂತ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಸ್ಟೇಟಸ್ ಹಾಕ್ತೀವಿ.

ಮರುದಿನ ಮೊಂತಿ ಹಬ್ಬ. ಮಾತೆ ಮರಿಯಮ್ಮನ ಹುಟ್ಟಿದ ದಿನ, ಕರಾವಳಿಯಲ್ಲಿ ಅದೇ ತೆನೆ ಹಬ್ಬ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸ್ತಾರೆ. ಹಬ್ಬದ ದಿನ ಚರ್ಚ್‌ನಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು. ಮನೆಗೊಂದರಂತೆ ತೆನೆ ಬಂತು. ಅಂಕಲ್ ಕಾಳು ಬಿಡಿಸಿ, ಸಿಪ್ಪೆ ಸುಲಿದು, ಪುಡಿ ಮಾಡಿ ಹಾಲಿಗೆ ಬೆರೆಸಿದ್ರು. ಪ್ರಾರ್ಥನೆ ಆದ ಮೇಲೆ ಮೊದಲ ಗುಟುಕು ಅಜ್ಜಿಗೆ, ಆಮೇಲೆ ವಯಸ್ಸಿನ ಪ್ರಕಾರ ಎಲ್ಲರಿಗೂ. ನಮಗೂ ಸಿಕ್ತು. ಗಲ್ಫ್‌ನಲ್ಲಿದ್ದಾಗ ಇದೇ ಕಾಳು ಅವರಿಗೆ ಕವರ್‌ನಲ್ಲಿ ಅಂಚೆ ಮೂಲಕ ಹೋಗ್ತಿತ್ತಂತೆ. ಒಮ್ಮೊಮ್ಮೆ ಹಬ್ಬ ಮುಗಿದು ಎರಡು ವಾರ ಆದ ಮೇಲೆ ತಲುಪುತ್ತಿತ್ತಂತೆ, "ಆ ದಿನವೇ ನನಗೆ ಹಬ್ಬ" ಅಂದ್ರು. ಊಟಕ್ಕೆ ಬಾಳೆಎಲೆ ತುಂಬ ತರಕಾರಿ. ಮೊಂತಿಗೆ ಮೀನು-ಮಾಂಸ ಇಲ್ಲ! ನಮ್ಮ ಮುಖ ನೋಡಿ ಆಂಟಿ ನಕ್ಕು, "ನಾಳೆ ಬೆಳಿಗ್ಗೆ ಬಂಗುಡೆ ಉಂಟು, ನಿಲ್ಲಿ" ಅಂದ್ರು. ಇಂಟರ್ನಲ್ಸ್ ಇತ್ತು, ನಿಲ್ಲಲಾಗಲಿಲ್ಲ.

ಹೊರಡುವ ಮೊದಲು ಬಸ್‌ಸ್ಟಾಪಿನಲ್ಲಿ ರೂಮ್‌ಮೇಟ್ ಒಂದು ವಿಷಯ ಹೇಳಿದ. ಆ ಮೀಟಿಂಗಿಗೆ ಮೊದಲೇ ಅವನು ಮನೆಗೆ ಫೋನ್ ಮಾಡಿ, ಈ ಸಲ ನಿರೂಪಣೆ ಕೇಳ್ತೇನೆ ಅಂದಿದ್ದ. ಅಂಕಲ್ ಎರಡು ರಾತ್ರಿ ಕೂತು ನಾಲ್ಕು ಪುಟದ ಸ್ಕ್ರಿಪ್ಟ್ ಬರೆದು ಕಳಿಸಿದ್ರು. "ಹೇಗಾಯ್ತು ಅಂತ ಪಪ್ಪ ಕೇಳಿದ್ರು. ಒಳ್ಳೇದಾಯ್ತು ಅಂದೆ" ಅಂದ ಅವನು. ಶಿರಾಡಿ ಘಾಟಿ ದಾಟುವವರೆಗೂ ನಮಗೆ ನಿದ್ದೆ ಬರಲಿಲ್ಲ.

ಕ್ಯಾಂಪಸ್ಸಿಗೆ ಧರ್ಮದ ವಿಷಯ ಯಾಕೆ ತರ್ತೀರಿ, ಅದು ಅವರವರ ಮನೆಯಲ್ಲಿರಲಿ ಅಂತ ಕೆಲವರು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಧರ್ಮವನ್ನು ಕ್ಯಾಂಪಸ್ಸಿಗೆ ತಂದವರು ನಾವೇ, ಹೆಸರು ನೋಡಿ ಕೆಲಸ ಹಂಚಿದ ದಿನ. ಒಂದು ಮನೆ ನೋಡಿ ಎಲ್ಲ ಕ್ರೈಸ್ತರೂ ಹೀಗೇ ಅನ್ನೋದೂ ತಪ್ಪು. ಧಾರವಾಡದ ಕಡೆ ಮನೆಮಾತೇ ಕನ್ನಡವಾದ ಪ್ರೊಟೆಸ್ಟೆಂಟ್ ಕುಟುಂಬಗಳಿವೆ. ಬೆಂಗಳೂರಿನಲ್ಲಿ ತಮಿಳು ಮಾತಾಡುವವರು, ಮಲಯಾಳಂ ಮಾತಾಡುವವರು ಇದ್ದಾರೆ. ಮಲ್ಲಿಗೆ ಗಿಡವನ್ನೇ ನೋಡದವರು, ತೇರ್ಸ್ ಹೇಳದವರು, ದೇವರನ್ನೇ ನಂಬದ ಮಕ್ಕಳೂ ಇರ್ತಾರೆ. ಅದಕ್ಕೇ ಒಂದು ಮನೆ ನೋಡಿದರೆ ಸಾಲದು ಅಂತ ನಾವು ಹೇಳ್ತಿರೋದು. ಓದಿ, ಕೇಳಿ, ಫಾರ್ವರ್ಡ್ ನೋಡಿ ಬರುವ ತಿಳುವಳಿಕೆ ಬೇರೆ, ಒಬ್ಬ ಅಪ್ಪನ ಜೊತೆ ಕೂತು ಮೊಗ್ಗು ಎಣಿಸಿ ಬರುವ ತಿಳುವಳಿಕೆ ಬೇರೆ.

ಹಾಗಾಗಿ ಕ್ಲಬ್‌ನ ಮುಂದೆ ನಮ್ಮ ಎರಡು ಪ್ರಸ್ತಾಪ ಇವೆ. ಒಂದು, ಇನ್ನು ಮುಂದೆ ಯಾವ ಕೆಲಸವನ್ನೂ ಹೆಸರು ನೋಡಿ ಹಂಚೋದು ಬೇಡ. ನಿರೂಪಣೆಗೆ ಆಡಿಷನ್ ಇರಲಿ, ಚೆನ್ನಾಗಿ ಮಾತಾಡಿದವರಿಗೆ ಮೈಕ್ ಸಿಗಲಿ. ಎರಡು, ಸೆಮಿಸ್ಟರಿಗೆ ಒಮ್ಮೆಯಾದರೂ ನಮ್ಮದಲ್ಲದ ನಂಬಿಕೆಯ ಗೆಳೆಯರ ಮನೆಗೆ ಹೋಗಿಬರೋಣ, ಅವರನ್ನೂ ನಮ್ಮ ಮನೆಗೆ ಕರೆಯೋಣ. ಹಬ್ಬದ ದಿನವೇ ಆಗಬೇಕಿಲ್ಲ. ಸಾಮಾನ್ಯ ಮಂಗಳವಾರ ಇನ್ನೂ ಒಳ್ಳೇದು.

ಈ ಸಲದ ಆಡಿಷನ್‌ಗೆ ನಮ್ಮ ರೂಮ್‌ಮೇಟ್ ಹೆಸರು ಕೊಟ್ಟಿದ್ದಾನೆ. ಕಳೆದ ಸಲದ ಆ ನಾಲ್ಕು ಪುಟ ಅವನ ಹತ್ತಿರ ಹಾಗೇ ಇದೆ. ನಾವು ಓದಿದ್ವಿ. ಒಂದೇ ಒಂದು ಕಾಗುಣಿತದ ತಪ್ಪಿಲ್ಲ.