ಚಕ್ರವನ್ನು ಕೊಟ್ಟವರು ಯಾರು?

ಬೇಸಗೆಯ ರಜದಲ್ಲಿ ನಾವು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಲ್ಲಿ ಬಂಧುಗಳ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆವು. ಒಂದು ಸಂಜೆ ಜಗಲಿಯ ಮೇಲೆ ವ್ಯಾಜ್ಯವೊಂದು ಹುಟ್ಟಿತು. ಅದು ಜಮೀನಿನದಲ್ಲ, ತೆಂಗಿನ ಮರದ್ದೂ ಅಲ್ಲ, ಸುದರ್ಶನ ಚಕ್ರದ್ದು.

ಮನೆಯ ಮೊಮ್ಮಗನು ಮೊಬೈಲಿನಲ್ಲಿ ಆಡುವ ಯುದ್ಧದ ಆಟವೊಂದರಲ್ಲಿ ದೇವತೆಗಳ ಆಯುಧಗಳೆಲ್ಲ ಬರುತ್ತವೆಯಂತೆ. ಒಂದೊಂದಕ್ಕೂ ಹುಟ್ಟಿನ ಕಥೆಯನ್ನು ಬರೆದಿರುವರಂತೆ. "ತಾತ, ಚಕ್ರವನ್ನು ಅಗ್ನಿ ಕೊಟ್ಟ ಅಂತ ನೀನು ಹೇಳಿದೆ. ಇದರಲ್ಲಿ ಶಿವ ಕೊಟ್ಟ ಅಂತ ಇದೆ. ಯಾವುದು ಸುಳ್ಳು?" ಎಂದು ಹುಡುಗನು ಕೇಳಿದನು. ಒಳಗಿನಿಂದ ಅಜ್ಜಿಯು, "ಅವರಿಬ್ಬರೂ ಅಲ್ಲ ಕಣೋ, ಸೂರ್ಯನನ್ನು ಸಾಣೆ ಹಿಡಿದು ವಿಶ್ವಕರ್ಮ ಮಾಡಿದ್ದು" ಎಂದರು. ತಾತನಿಗೆ ರೇಗಿತು. "ದೇವರ ವಿಷಯದಲ್ಲಿ ತಕರಾರು ಬೇಡ. ಎದ್ದು ಕೈಕಾಲು ತೊಳೆದುಕೊ" ಎಂದುಬಿಟ್ಟರು. ಹುಡುಗನು ಮಾತಾಡದೆ ಎದ್ದುಹೋದನು.

ಆ ಮೌನವು ನಮಗೆ ಹಿತವಾಗಲಿಲ್ಲ. ಏಕೆಂದರೆ ಮೂವರು ಹೇಳಿದ್ದಕ್ಕೂ ಆಧಾರವುಂಟು. ಮಹಾಭಾರತದ ಆದಿಪರ್ವದಲ್ಲಿ, ಖಾಂಡವ ವನವನ್ನು ದಹಿಸುವುದಕ್ಕೆ ನೆರವು ಬೇಡಿದ ಅಗ್ನಿಯು ಕೃಷ್ಣನಿಗೆ ಚಕ್ರವನ್ನು ಕೊಡುತ್ತಾನೆ. ಎಸೆದಾಗಲೆಲ್ಲ ಅದು ಶತ್ರುವನ್ನು ಕೊಂದು ಮರಳಿ ಕೈಗೆ ಬರುವುದೆಂದು ಹೇಳುತ್ತಾನೆ. ವಿಷ್ಣುಪುರಾಣದ ಕಥೆ ಬೇರೆ. ಪತಿಯ ತಾಪವನ್ನು ತಾಳಲಾರದ ಸಂಜ್ಞಾದೇವಿಯ ಸಲುವಾಗಿ ಅವಳ ತಂದೆಯಾದ ವಿಶ್ವಕರ್ಮನು ಸೂರ್ಯನ ತೇಜಸ್ಸಿನಲ್ಲಿ ಎಂಟನೆಯ ಒಂದು ಪಾಲನ್ನು ಉಜ್ಜಿ ತೆಗೆದು, ಅದರಿಂದ ವಿಷ್ಣುವಿನ ಚಕ್ರ, ಶಿವನ ತ್ರಿಶೂಲ ಮುಂತಾದವನ್ನು ಮಾಡಿದನು. ಶೈವ ಪುರಾಣಗಳಲ್ಲಾದರೋ ವಿಷ್ಣುವು ಸಾವಿರ ಕಮಲಗಳಿಂದ ಶಿವನನ್ನು ಪೂಜಿಸುತ್ತಿರಲು ಒಂದು ಹೂ ಕಡಿಮೆಯಾಗಿ, ತನ್ನ ಕಣ್ಣನ್ನೇ ಅರ್ಪಿಸಿದನು. ಮೆಚ್ಚಿದ ಶಿವನು ಚಕ್ರವನ್ನು ಅನುಗ್ರಹಿಸಿದನು.

ಇವುಗಳಲ್ಲಿ ತಾತನ ಕಥೆಯು ಉಳಿದೆರಡಕ್ಕೆ ಅಷ್ಟಾಗಿ ವಿರೋಧವಲ್ಲ. ಅದು ಹೇಳುವುದು ಕೃಷ್ಣಾವತಾರದಲ್ಲಿ ಚಕ್ರವು ಕೈಗೆ ಬಂದ ಬಗೆಯನ್ನು. ಉಳಿದವು ಹೇಳುವುದು ವಿಷ್ಣುವಿಗೆ ದೊರೆತ ಬಗೆಯನ್ನು. ಆದರೆ ಅಜ್ಜಿಯ ಕಥೆಗೂ ಆಟದ ಕಥೆಗೂ ಇರುವ ಭೇದವು ನಿಜವಾದ ಭೇದ. ಇಂಥ ಕಡೆ ನಮ್ಮ ಹಿರಿಯರು 'ಕಲ್ಪಭೇದ' ಎನ್ನುತ್ತಿದ್ದರು. ಒಂದು ಕಲ್ಪದಲ್ಲಿ ಹಾಗೆ ನಡೆಯಿತು, ಇನ್ನೊಂದರಲ್ಲಿ ಹೀಗೆ. ಅದು ಜಾಣ ಉತ್ತರವೇ ಸರಿ. ಆದರೆ ಕೇಳುವ ಬಾಯನ್ನು ಮುಚ್ಚಿಸುವುದಕ್ಕೆ ಅದನ್ನು ಬಳಸಬಾರದು. ಸಹಿಸಲಾರದ ತಾಪವನ್ನೂ ಲೋಕರಕ್ಷಣೆಗೆ ಒದಗಿಸಬಹುದೆಂದು ಅಜ್ಜಿಯ ಕಥೆ ಹೇಳುತ್ತದೆ. ದೊಡ್ಡ ಆಯುಧವು ಬೇಕಾದವನು ಅದಕ್ಕಿಂತ ದೊಡ್ಡದನ್ನು ತೆರಬೇಕೆಂದು ಇನ್ನೊಂದು ಹೇಳುತ್ತದೆ. ಎರಡರಲ್ಲಿ ಒಂದನ್ನು ಅಳಿಸಿದರೆ ನಷ್ಟ ನಮಗೆಯೆ.

ನಮ್ಮ ಜಿಲ್ಲೆಯಲ್ಲಿಯೇ ಮತ್ತೊಂದು ಚಕ್ರದ ಕಥೆಯೂ ಇದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಂಡವರು ಅದನ್ನು ಬಲ್ಲರು. ಜೈನ ಪುರಾಣದಲ್ಲಿ ಚಕ್ರರತ್ನವು ಚಕ್ರವರ್ತಿಯ ಆಯುಧಶಾಲೆಯಲ್ಲಿ ತಾನಾಗಿ ಹುಟ್ಟುತ್ತದೆ. ಭರತನು ಅದನ್ನು ತಮ್ಮನಾದ ಬಾಹುಬಲಿಯ ಮೇಲೆ ಬಿಟ್ಟಾಗ ಅದು ಅವನನ್ನು ಕೊಲ್ಲದೆ ಬಲಗೊಂಡು ನಿಂತಿತು.

ಮರುದಿನ ಎಲ್ಲರೂ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರನದು ಶಿವಾಲಯ, ಆದರೂ ಹನ್ನೆರಡನೆಯ ಶತಮಾನದ ಅದರ ಗೋಡೆಯ ಮೇಲೆ ಕೈಲಾಸವನ್ನೆತ್ತುವ ರಾವಣನೂ ಇದ್ದಾನೆ, ಗೋವರ್ಧನವನ್ನೆತ್ತುವ ಕೃಷ್ಣನೂ ಇದ್ದಾನೆ. ಚಕ್ರ ಹಿಡಿದ ವಿಷ್ಣುಮೂರ್ತಿಗಳನ್ನು ಹುಡುಗನು ಎಣಿಸತೊಡಗಿ ನಡುವೆ ಲೆಕ್ಕ ತಪ್ಪಿದನು. ಅಲ್ಲಿಗೆ ಸಮೀಪದಲ್ಲಿಯೇ 1133ರ ಪಾರ್ಶ್ವನಾಥ ಬಸದಿ. "ಇಲ್ಲಿಯವರಿಗೆ ಜಗಳ ಬರಲಿಲ್ಲವೆ, ತಾತ?" ಎಂದನು. ತಾತನು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಿದ್ದು, "ಬಂದಿರಬಹುದಪ್ಪ. ಆದರೂ ಒಂದೇ ಗೋಡೆಯಲ್ಲಿ ಇಬ್ಬರಿಗೂ ಜಾಗ ಮಾಡಿದ್ದಾರಲ್ಲ" ಎಂದರು. ಬಳಿಕ ತಾವಾಗಿಯೇ, ಆ ಕಮಲದ ಕಥೆಯನ್ನು ಆಟದಲ್ಲಿ ಹೇಗೆ ಬರೆದಿದ್ದಾರೆಂದು ಕೇಳಿದರು. ಹುಡುಗನು ಊರು ಸೇರುವವರೆಗೂ ಹೇಳಿದನು.

ಆಟಕ್ಕೆ ಒಡೆಯನೊಬ್ಬನು ಇರುತ್ತಾನೆ. ಅದರ ಕಥೆಯಲ್ಲಿ ತಪ್ಪು ಕಂಡರೆ ಅವನು ತಿದ್ದಬಹುದು. ಪುರಾಣಗಳಿಗೆ ಅಂಥ ಒಡೆಯನಿಲ್ಲ; ಹೇಳುವವರೂ ಕೇಳುವವರೂ ಅವುಗಳನ್ನು ಉಳಿಸಿಕೊಂಡು ಬಂದರು. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೆ: ಮಗುವು "ಯಾವುದು ಸುಳ್ಳು?" ಎಂದು ಕೇಳಿದರೆ ಗದರಬೇಡಿರಿ. ಯಾವ ಕಥೆಯು ಯಾವ ಗ್ರಂಥದ್ದೆಂದು ಹೆಸರು ಹಿಡಿದು ಹೇಳಿರಿ. ತಿಳಿಯದಿದ್ದರೆ ಒಟ್ಟಿಗೆ ಕುಳಿತು ಹುಡುಕಿರಿ. ಪ್ರಶ್ನೆಯು ಜಗಲಿಯಲ್ಲಿ ನಿಂತುಹೋದರೆ ಕಥೆಯೂ ಅಲ್ಲಿಯೇ ನಿಲ್ಲುತ್ತದೆ.