ತಂತಿ ಹೋಯಿತು, ಅಪ್ಪಣೆ ಹೋಗಲಿಲ್ಲ

ಈಚೆಗೆ ಯಾವ ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಈ ವೈಫೈ ಬಂದ ಮೇಲೆ ಮನೆ ಮನೆಯಾಗಿ ಉಳಿದಿಲ್ಲ ಕಣ್ರೀ. ಒಬ್ಬೊಬ್ಬರದು ಒಂದೊಂದು ಮೂಲೆ." ಹೇಳುವವರು ಸಾಮಾನ್ಯವಾಗಿ ಅರವತ್ತು ದಾಟಿದ ಗಂಡಸರು. ಪಕ್ಕದ ಎಲೆಯವರು ಹೌದೆಂದು ತಲೆಯಾಡಿಸುತ್ತಾರೆ. ಪಲ್ಯ ಬಡಿಸಲು ಬಂದ ಹೆಂಗಸೂ ತಲೆಯಾಡಿಸಿ ಮುಂದೆ ಹೋಗುತ್ತಾಳೆ. ಶಾಲೆಯ ಪೋಷಕರ ಸಭೆಯಲ್ಲೂ ಇದೇ ಮಾತು, ದೇವಸ್ಥಾನದ ಉಪನ್ಯಾಸದಲ್ಲೂ ಇದೇ ಮಾತು. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ ಅಭ್ಯಾಸಬಲವೋ ಏನೋ, ಎಲ್ಲರೂ ಅಕ್ಷರ ತಪ್ಪದೆ ಒಂದೇ ಉತ್ತರ ಬರೆದರೆ ನನಗೆ ಅನುಮಾನ ಬರುತ್ತದೆ. ಯಾರದನ್ನು ಯಾರು ನೋಡಿ ಬರೆದರು?

ನನ್ನ ಪ್ರಶ್ನೆ ಇಷ್ಟೇ. ಎಲ್ಲರೂ ಒಟ್ಟಾಗಿದ್ದರೆಂದು ಹೇಳುವ ಆ ಹಳೆಯ ಮನೆಯಲ್ಲಿ ಹೆಂಗಸು ಎಲ್ಲಿದ್ದಳು? ಫೋನಿನ ತಂತಿಯಲ್ಲಿ ಬರುತ್ತಿದ್ದ ಇಂಟರ್‌ನೆಟ್ ಹೋಗಿ ಗಾಳಿಯಲ್ಲಿ ಬರುವ ಇಂಟರ್‌ನೆಟ್ ಬಂದ ಮೇಲೆ ಅವಳು ಎಲ್ಲಿದ್ದಾಳೆ? ಇದಕ್ಕೆ ಉತ್ತರ ಹೇಳದೆ ಮನೆ ಮುರಿಯಿತು ಎಂದು ಕಣ್ಣೀರು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಗಲು ಶುರುವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲು ಮಹಾನಗರಗಳಿಗೆ ಬಂದದ್ದು ನಮ್ಮಂಥ ತಾಲ್ಲೂಕು ಕೇಂದ್ರಗಳಿಗೆ ತಲುಪುವಾಗ ಹೊಸ ಶತಮಾನವೇ ಬಂದಿತ್ತು. ನಮ್ಮ ಮನೆಗೆ 2001ರಲ್ಲಿ ಬಂತು. ಕಂಪ್ಯೂಟರಿಗೆ ಹಾಲ್‌ನಲ್ಲಿ ಪ್ರತ್ಯೇಕ ಮೇಜು, ಮೇಲೊಂದು ಕ್ರೋಶಾ ಹೊದಿಕೆ. ಹೊದಿಕೆ ಹೆಣೆದವಳು ನಾನು. ಎದುರಿನ ಕುರ್ಚಿ ಮಾತ್ರ ನನ್ನದಾಗಿರಲಿಲ್ಲ. ಸಂಚಾರ್‌ನೆಟ್ ಕಾರ್ಡು ತಂದು, ಅದರ ಹಿಂದಿನ ಪಟ್ಟಿ ಗೀಚಿ, ಅಂಕಿಗಳನ್ನು ಒತ್ತಿದರೆ ಮೋಡೆಮ್ ಎಂಬ ಡಬ್ಬಿ ಕೀಂ ಎಂದು ಕೂಗಿ, ಖರ್ ಎಂದು ಕೆಮ್ಮಿ, ಕೊನೆಗೆ ಸಂಪರ್ಕ ಸಿಗುತ್ತಿತ್ತು. ಮನೆಯ ಗಂಡಸರು ಮಂಗಳಾರತಿಗೆ ಕಾಯುವ ಭಕ್ತರ ಹಾಗೆ ಅದರ ಮುಂದೆ ಕೂತಿರುತ್ತಿದ್ದರು.

ಆ ಇಂಟರ್‌ನೆಟ್ ಬರುತ್ತಿದ್ದದ್ದು ನಾವು ಮಾತಾಡುವ ದನಿ ಹೋಗುವ ದಾರಿಯಲ್ಲೇ. ತಾಮ್ರದ ತಂತಿಯಲ್ಲಿ ಮಾತಿಗೆಂದು ಬಿಟ್ಟಿದ್ದ ಸಣ್ಣ ಜಾಗದಲ್ಲೇ ಅದೂ ನುಗ್ಗಬೇಕಾಗಿತ್ತು. ಹಾಗಾಗಿ ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಮೊಮ್ಮಗುವಿನ ಒಂದು ಒಳ್ಳೆಯ ಫೋಟೋ, ಅಂದರೆ ಒಂದು ಮೆಗಾಬೈಟಿನದು, ಇಳಿಯಲು ಕಡಿಮೆಯೆಂದರೂ ಎರಡೂವರೆ ನಿಮಿಷ. ವೇಗ ಹೋಗಲಿ ಬಿಡಿ. ಇಂಟರ್‌ನೆಟ್ ನಡೆಯುವಷ್ಟು ಹೊತ್ತೂ ಫೋನು ಸತ್ತ ಹಾಗೆ. ಹೊರಗಿನವರು ಕರೆದರೆ ಎಂಗೇಜ್.

ಆ ಕಾಲದಲ್ಲಿ ಮನೆಯ ಫೋನು ಯಾರಿಗೆ ಹೆಚ್ಚು ಬೇಕಾಗಿತ್ತು, ನೀವೇ ಹೇಳಿ. ಗಂಡಸರಿಗೆ ಕಚೇರಿಯಲ್ಲಿ ಫೋನಿತ್ತು, ಪೇಟೆಯಲ್ಲಿ ಮಾತುಕತೆಯಿತ್ತು. ಹೆಂಗಸಿಗೆ ತವರಿನ ದನಿ ಕೇಳುತ್ತಿದ್ದದ್ದು ಆ ಒಂದು ತಂತಿಯಲ್ಲಿ. ಒಂಬತ್ತು ಗಂಟೆಗೆ ಅಮ್ಮ ಫೋನು ಮಾಡುತ್ತಾಳೆಂದು ಬೇಗ ಬೇಗ ಕೆಲಸ ಮುಗಿಸಿ ಬಂದರೆ ತಂತಿ ಇಂಟರ್‌ನೆಟ್ಟಿನ ಪಾಲಾಗಿರುತ್ತಿತ್ತು. ತಿಂಗಳ ಕೊನೆಗೆ ಬಿಲ್ಲು ಏರಿದಾಗ ವಿಚಾರಣೆ ಮಾತ್ರ ನಮಗೆ: "ನಿಮ್ಮಮ್ಮನ ಹತ್ತಿರ ಅಷ್ಟು ಹೊತ್ತು ಏನು ಮಾತಾಡುತ್ತೀಯ?" ಒಟ್ಟು ಕುಟುಂಬದ ಸುವರ್ಣಯುಗ ಎಂದು ಈಗ ಹಾಡಿ ಹೊಗಳುವ ಕಾಲ ಇದೇ! ಎಲ್ಲರೂ ಹಾಲ್‌ನಲ್ಲಿ ಕೂತಿದ್ದರು, ನಿಜ. ಅವರೆಲ್ಲರಿಗೆ ಕಾಫಿ ತರುತ್ತಿದ್ದವಳು ಕೂತಿರಲಿಲ್ಲ.

2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದು, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಅತಿವೇಗ ಎಂದು ಗೊತ್ತುಮಾಡಿತು. ಮರುವರ್ಷದಿಂದ ಬಿಎಸ್‌ಎನ್‌ಎಲ್ ಊರೂರಿಗೆ ಬ್ರಾಡ್‌ಬ್ಯಾಂಡ್ ಕೊಡತೊಡಗಿತು. ತಂತಿ ಅದೇ ತಾಮ್ರದ್ದು. ಆದರೆ ಇಂಟರ್‌ನೆಟ್ ಮಾತಿನ ಜಾಗ ಬಿಟ್ಟು ಅದಕ್ಕಿಂತ ಮೇಲಿನ ತರಂಗಗಳಲ್ಲಿ ಓಡುತ್ತಿತ್ತು. ಒಂದು ಚಿಕ್ಕ ಡಬ್ಬಿ ಎರಡನ್ನೂ ಬೇರೆ ಮಾಡಿ ಕೊಡುತ್ತಿತ್ತು. ಜಾಹೀರಾತಿನವರು ವೇಗದ ಬಗ್ಗೆ ಕೂಗಿದರು. ನಮಗೆ ಸಿಕ್ಕ ದೊಡ್ಡ ಲಾಭ ಬೇರೆಯೇ. ನಮ್ಮ ಫೋನು ನಮಗೆ ವಾಪಸು ಬಂತು. ಅದನ್ನು ಯಾರೂ ಬರೆಯಲಿಲ್ಲ.

ಆಮೇಲೆ ವೈಫೈ ಬಂತು, ಬೆಳಕಿನ ಎಳೆಯ ಫೈಬರ್ ಬಂತು, 2016ರಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. 2023ರಲ್ಲಂತೂ ಏರ್‌ಫೈಬರ್ ಎಂದು, ಕಂಬದಿಂದ ತಂತಿ ಎಳೆಯದೆ, ತಾರಸಿಯ ಮೇಲೊಂದು ಡಬ್ಬಿ ಇಟ್ಟು 5ಜಿ ಸಿಗ್ನಲ್ ಹಿಡಿದು ಮನೆಯೊಳಗೆ ಹಂಚುವ ವ್ಯವಸ್ಥೆ ಬಂತು. ಅದೇ ವರ್ಷ ಸರ್ಕಾರ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 2 ಮೆಗಾಬಿಟ್ಟಿಗೆ ಏರಿಸಿತು. ಹತ್ತೊಂಬತ್ತು ವರ್ಷದಲ್ಲಿ ಸರ್ಕಾರದ ಅಳತೆಗೋಲು ಸುಮಾರು ಎಂಟು ಪಟ್ಟು ಬೆಳೆಯಿತು. ಮನೆಯೊಳಗಿನ ಅಳತೆಗೋಲು ಎಷ್ಟು ಬೆಳೆಯಿತು?

ಬೇಕಾದರೆ ನಿಮ್ಮ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ವೈಫೈ ಡಬ್ಬಿ ಎಲ್ಲಿದೆ? ಹತ್ತು ಮನೆಯಲ್ಲಿ ಎಂಟು ಕಡೆ ಟಿ.ವಿ.ಯ ಹಿಂದೆ ಅಥವಾ ಮಗನ ಕೋಣೆಯಲ್ಲಿರುತ್ತದೆ ಎಂದು ನಾನು ಪಂದ್ಯ ಕಟ್ಟುತ್ತೇನೆ. ಅಡುಗೆಮನೆ ಹಿತ್ತಲ ಕಡೆ, ನಡುವೆ ಎರಡು ದಪ್ಪ ಗೋಡೆ. ಈ ತರಂಗಗಳಲ್ಲಿ ಮುಖ್ಯವಾಗಿ ಎರಡು ಬಗೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್‌ನದಕ್ಕೆ ವೇಗ ಹೆಚ್ಚು, ಗೋಡೆ ಕಂಡರೆ ಸೊರಗುತ್ತದೆ. ಕಬ್ಬಿಣದ ಬೀರು, ಫ್ರಿಜ್ಜು ಅಡ್ಡ ಬಂದರೆ ಇನ್ನೂ ಕಷ್ಟ. ಮೈಕ್ರೋವೇವ್ ಒಲೆ 2.4ರ ಸುಮಾರಿನಲ್ಲೇ ಕೆಲಸ ಮಾಡುವುದರಿಂದ ಅದು ಉರಿಯುವಾಗ ಸಿಗ್ನಲ್ ತೊದಲುತ್ತದೆ. ಅಂತೂ ಮನೆಯ ಹೆಂಗಸು ದಿನದ ಹೆಚ್ಚು ಹೊತ್ತು ಎಲ್ಲಿರುತ್ತಾಳೋ ಅಲ್ಲಿಗೆ ಒಂದೇ ಕಡ್ಡಿ! ಡಬ್ಬಿಯನ್ನು ಮನೆಯ ನಡುಮಧ್ಯೆ, ಆಳೆತ್ತರದ ಶೆಲ್ಫಿನ ಮೇಲೆ ಇಡಿ ಎಂದರೆ "ಅಡುಗೆಮನೆಗೆ ಯಾತಕ್ಕೆ ಇಂಟರ್‌ನೆಟ್?" ಎಂಬ ಉತ್ತರ. ಒಗ್ಗರಣೆಗೆ ಬೇಡ ಸ್ವಾಮಿ, ಒಗ್ಗರಣೆ ಹಾಕುವವಳಿಗೆ ಬೇಕು.

ಇನ್ನು ಪಾಸ್‌ವರ್ಡು. ನಾನು ಬಲ್ಲ ಎಷ್ಟೋ ಮನೆಗಳಲ್ಲಿ ಗೃಹಿಣಿಗೆ ಅದು ಗೊತ್ತಿಲ್ಲ. ಫೋನಿಗೆ ಮಗ ಒಮ್ಮೆ ಹಾಕಿಕೊಟ್ಟಿರುತ್ತಾನೆ, ಅದು ಬದಲಾದರೆ ಅವನು ಕಾಲೇಜಿನಿಂದ ಬರುವವರೆಗೆ ಕಾಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ ಇರಬೇಕು. ಆಕಾಶದಿಂದ ಸಿಗ್ನಲ್ ಬಂದು ತಾರಸಿಗೆ ಇಳಿದಿದೆ. ತಾರಸಿಯಿಂದ ಅವಳ ಅಂಗೈಗೆ ಇಳಿಯಲು ಇನ್ನೊಬ್ಬರ ಅಪ್ಪಣೆ ಬೇಕು.

ಇದು ಹೊಟ್ಟೆಕಿಚ್ಚಿನ ಮಾತಲ್ಲ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ದೇಶದಲ್ಲಿ ನೂರಕ್ಕೆ 33, ಗಂಡಸರು 57. ಹಳ್ಳಿಗಳಿಂದಾಗಿ ಹೀಗೆ ಎನ್ನಬೇಡಿ. ಪಟ್ಟಣ, ನಗರಗಳದ್ದೇ ಲೆಕ್ಕ ತೆಗೆದರೂ ಹೆಂಗಸರು ಸುಮಾರು 52, ಗಂಡಸರು 72ರ ಮೇಲೆ. ಕೇಳಿದ್ದು ದಿನಾ ಬಳಸುತ್ತೀರಾ ಎಂದಲ್ಲ, ಒಮ್ಮೆಯಾದರೂ ಬಳಸಿದ್ದೀರಾ ಎಂದು. ಸಮೀಕ್ಷೆ ನಡೆದ ಮೇಲೆ ಸಂಖ್ಯೆ ಏರಿರಬಹುದು. ಆದರೆ ಒಂದೇ ಸೂರಿನಡಿ, ಒಂದೇ ಬಿಲ್ಲಿನಡಿ ಇದ್ದವರ ನಡುವೆ ಇಷ್ಟು ಅಂತರ ಕಂಬದ ತಂತಿಯಿಂದ ಹುಟ್ಟಿದ್ದಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಇದು ನನಗೆ ಬೆಳಕಿನಷ್ಟು ಸ್ಪಷ್ಟವಾಯಿತು. ಚಂದನ ವಾಹಿನಿಯಲ್ಲಿ ಪಾಠ ಬಂತು. ವಿದ್ಯಾಗಮ ಎಂಬ ಯೋಜನೆಯಲ್ಲಿ ನಾವು ಶಿಕ್ಷಕರು ವಠಾರಗಳ ಜಗಲಿಗೇ ಹೋಗಿ ಪಾಠ ಹೇಳಿದೆವು. ಉಳಿದ ಪಾಠ ಫೋನಿನಲ್ಲಿ. ಒಂದೇ ಫೋನಿದ್ದ ಮನೆಗಳಲ್ಲಿ ಅದು ಮೊದಲು ಯಾರ ಕೈಗೆ ಹೋಯಿತೆಂದು ನಾನು ಹೇಳಬೇಕಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ಮನೆಪಾಠ ಕಳಿಸುತ್ತಿದ್ದದ್ದು ರಾತ್ರಿ ಹತ್ತೂವರೆಯ ಮೇಲೆ. ಅಣ್ಣ ಮಲಗಿದ ಮೇಲೆ ಫೋನು ಅವಳಿಗೆ. ಅಣ್ಣ ಅಷ್ಟು ಹೊತ್ತೂ ಓದುತ್ತಿದ್ದನೇ ಎಂದು ಕೇಳಿದೆ. "ಇಲ್ಲ ಮಿಸ್, ಗೇಮ್ ಆಡ್ತಿದ್ದ" ಎಂದಳು. ದೂರಿನ ದನಿಯಲ್ಲಿ ಅಲ್ಲ, ಹೊರಗೆ ಮಳೆ ಬರುತ್ತಿದೆ ಎನ್ನುವ ದನಿಯಲ್ಲಿ. ನನ್ನ ಎದೆ ಹಿಂಡಿದ್ದು ಆ ದನಿ.

ಹೆಣ್ಣುಮಕ್ಕಳ ರಕ್ಷಣೆಗಾಗಿ ಇಂಟರ್‌ನೆಟ್ಟಿಗೆ ಬೇಲಿ ಎನ್ನುವವರು ಕೇರಳದ ಕಡೆ ಒಮ್ಮೆ ನೋಡಬೇಕು. ಕೋಝಿಕ್ಕೋಡಿನ ಕಡೆಯ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನು ಮುಟ್ಟಬಾರದೆಂಬ ನಿಯಮವಿತ್ತು. ಒಪ್ಪದ ಬಿ.ಎ. ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿ. ವಿ. ಆಶಾ ಅವರು, ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟು, ಅವಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿದರು. ಕೋರ್ಟು ಹಕ್ಕು ಎಂದದ್ದನ್ನು ಮನೆಯಲ್ಲಿ ನಾವು ಕೃಪೆ ಎಂದು ಹಂಚುತ್ತಿದ್ದೇವೆ. ಮಗಳು ಎದುರುತ್ತರ ಕೊಟ್ಟರೆ ಡಬ್ಬಿಯ ಸ್ವಿಚ್ಚು ಬಂದ್. ಮಗ ಕೊಟ್ಟರೆ ಅವನ ವಯಸ್ಸೇ ಹಾಗೆ!

ಗೃಹಿಣಿಗೆ ಇಂಟರ್‌ನೆಟ್ ಯಾಕೆ ಎಂಬ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಟ್ಟಿದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳಿಗೆ ಎರಡು ಸಾವಿರ ರೂಪಾಯಿ ಕುಟುಂಬದ ಯಜಮಾನಿಯ ಖಾತೆಗೆ ಎಂದಾಯಿತು. ರೇಷನ್ ಕಾರ್ಡಿನಲ್ಲಿ ಅವಳೇ ಯಜಮಾನಿ. ನೋಂದಣಿಗೆಂದು ಆ ಯಜಮಾನಿಯರು ಸೇವಾಕೇಂದ್ರಗಳ ಮುಂದೆ ಸಾಲು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಬೀದಿಯ ಒಬ್ಬರು ಸರದಿ ಬಂದಾಗ ಬರಿಗೈಯಲ್ಲಿ ವಾಪಸಾದರು. ಒಟಿಪಿ ಹೋದದ್ದು ಗಂಡನ ಫೋನಿಗೆ, ಗಂಡ ಹೋದದ್ದು ದಾವಣಗೆರೆಗೆ. ಹೆಸರಿಗೆ ಯಜಮಾನಿ, ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ. ಗ್ಯಾಸ್ ಬುಕಿಂಗು, ಕರೆಂಟ್ ಬಿಲ್ಲು, ಮಗುವಿನ ಶಾಲೆಯ ಸಂದೇಶ ಎಲ್ಲವೂ ಫೋನಿಗೆ ಬಂದು ಕೂತಿರುವಾಗ, ಮನೆ ನಡೆಸುವವಳಿಗೆ ಇಂಟರ್‌ನೆಟ್ ಯಾಕೆ ಎನ್ನುವುದು, ರೈತನಿಗೆ ನೀರು ಯಾಕೆ ಎಂದ ಹಾಗೆ.

ಎದುರು ಮಾತು ನನಗೂ ಗೊತ್ತು. ಮಕ್ಕಳು ರಾತ್ರಿಯಿಡೀ ರೀಲ್ಸ್ ನೋಡಿ ಬೆಳಿಗ್ಗೆ ನನ್ನ ತರಗತಿಯಲ್ಲೇ ತೂಕಡಿಸುತ್ತಾರೆ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ದುಡ್ಡು ಕೀಳುವವರ ಸುದ್ದಿ ಪತ್ರಿಕೆಯಲ್ಲಿ ಪದೇ ಪದೇ ಬರುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದುಂಟೆ? ಮೋಸ ಹೋದವರಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದ ಗಂಡಸರೂ ಇದ್ದಾರೆ. ಅವರ ಪಾಸ್‌ವರ್ಡನ್ನು ಯಾರೂ ಕಸಿದುಕೊಂಡಿಲ್ಲ. ಫೋನಿನಲ್ಲೇ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಎಂದು ತಿಳಿದವಳು ಮೋಸಕ್ಕೆ ಸುಲಭವಾಗಿ ಬೀಳುವುದಿಲ್ಲ. ತಿಳಿಯದ ಹಾಗೆ ಇಟ್ಟವಳೇ ಬೀಳುವುದು. ರಾತ್ರಿ ಹತ್ತಕ್ಕೆ ವೈಫೈ ನಿಲ್ಲಿಸುತ್ತೀರಾ? ಬಹಳ ಸಂತೋಷ. ಅಪ್ಪನಿಗೂ ಹತ್ತಕ್ಕೇ ನಿಲ್ಲಲಿ, ಕ್ರಿಕೆಟ್ಟಿನ ಕೊನೆಯ ಓವರೇ ಇರಲಿ. ಎಲ್ಲರಿಗೂ ಒಂದೇ ಆದರೆ ಮಾತ್ರ ಅದು ನಿಯಮ. ಇಲ್ಲದಿದ್ದರೆ ದರ್ಬಾರು.

ಇನ್ನು ಒಬ್ಬೊಬ್ಬರದು ಒಂದೊಂದು ಮೂಲೆ ಎಂಬ ಕೊರಗು. ನನ್ನ ಪ್ರಾಯದ ಹೆಂಗಸರಿಗೆ ಮನೆಯಲ್ಲಿ ತಮ್ಮದೆಂಬ ಮೂಲೆ ಯಾವತ್ತಿತ್ತು ಹೇಳಿ! ರಾತ್ರಿ ಪಾತ್ರೆ ಬೋರಲು ಹಾಕಿ, ಅಡುಗೆಕಟ್ಟೆ ಒರೆಸಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆ ಯಕ್ಷಗಾನವನ್ನೋ ಹಳೆಯ ಚಿತ್ರಗೀತೆಯನ್ನೋ ಕೇಳುವ, ದೂರದಲ್ಲಿರುವ ಅಕ್ಕನ ಮುಖ ನೋಡಿ ಮಾತಾಡುವ ಹೆಂಗಸು ಮನೆ ಮುರಿಯುತ್ತಿಲ್ಲ. ಅಷ್ಟು ವರ್ಷ ಮನೆಯನ್ನು ಹೊತ್ತವಳು ಅರ್ಧ ಗಂಟೆ ಇಳಿಸಿ ಕೂತಿದ್ದಾಳೆ.

ಆದ್ದರಿಂದ ಸೋದರಿಯರೇ, ಮೂರು ಕೆಲಸ ಮಾಡಿ. ಮುಂದಿನ ಸಲ ಕನೆಕ್ಷನ್ ತೆಗೆದುಕೊಳ್ಳುವಾಗ ಅರ್ಜಿ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಲಿ. ಪಾಸ್‌ವರ್ಡನ್ನು ಕೇಳಿ ಬರೆದಿಟ್ಟುಕೊಳ್ಳಿ. ಡಬ್ಬಿಯ ಅಡಿಯ ಚೀಟಿಯಲ್ಲಿ ಸಾಮಾನ್ಯವಾಗಿ ಮೊದಲ ಪಾಸ್‌ವರ್ಡ್ ಅಚ್ಚಾಗಿರುತ್ತದೆ. ಮತ್ತೆ ಡಬ್ಬಿಯನ್ನು ಟಿ.ವಿ.ಯ ಹಿಂದಿನಿಂದ ಎತ್ತಿ ಮನೆಯ ನಡುವೆ ತಂದಿಡಿ. ಯಾತಕ್ಕೆ ಎಂದು ಯಾರಾದರೂ ಕೇಳಿದರೆ ದೊಡ್ಡ ಭಾಷಣ ಬೇಡ. ಅಡುಗೆಮನೆಯಲ್ಲೂ ಒಬ್ಬರು ಮನುಷ್ಯರಿದ್ದಾರೆ ಎಂದಷ್ಟೇ ಹೇಳಿ.